ಮನೆಯಲ್ಲೇ ಡಿಪ್ ಮಾಡುವುದಾದರೆ ಯಾವುದು? ಮೊಸರು, ಕಾಳು, ಹಿಂಡಿ, ಸುಟ್ಟ ಬದನೆ

ಡಿಪ್ ಅಂದರೆ ತರಕಾರಿ, ಚಿಪ್ಸ್, ರೊಟ್ಟಿಯನ್ನು ಅದ್ದಿ ನೆಂಚಿಕೊಳ್ಳುವ ಗಟ್ಟಿ ಕಲಸು. ಅಂಗಡಿಯಲ್ಲಿ ಅವನ್ನು ರುಚಿಯ ಹೆಸರಿನಲ್ಲಿ ಮಾರುತ್ತಾರೆ: ತಂದೂರಿ, ಪೆರಿಪೆರಿ, ಗಾರ್ಲಿಕ್, ಮಿಂಟ್. ಬಾಟಲಿ ತಿರುಗಿಸಿ ಹಿಂಬದಿ ಓದಿ. ಮಯೊನೇಸ್ ಜಾತಿಯ ಬಹುಪಾಲು ಡಿಪ್‌ಗಳಲ್ಲಿ ಇರುವುದು ಎಣ್ಣೆ, ನೀರು, ಸಕ್ಕರೆ, ಗಟ್ಟಿಯಾಗಲು ಒಂದಿಷ್ಟು ಪಿಷ್ಟ, ಉಪ್ಪು. ಬೆಳ್ಳುಳ್ಳಿಯೋ ಪುದೀನವೋ ಪಟ್ಟಿಯ ಕೊನೆಯಲ್ಲೆಲ್ಲೋ ಬರುತ್ತದೆ. ನಮ್ಮ ದೇಶದ ಲೇಬಲ್ ನಿಯಮದಂತೆ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಹಾಗಾಗಿ ಮೊದಲ ಹೆಸರು ಯಾವುದಿದೆಯೋ ಆ ಡಿಪ್‌ನಲ್ಲಿ ಅದೇ ಹೆಚ್ಚು.

ಮನೆಯಲ್ಲಿ ಮಾಡುವಾಗಲೂ ಇದೇ ಕ್ರಮದಲ್ಲಿ ಯೋಚಿಸಬೇಕು. ಬುಡಕ್ಕೆ ಏನು ಹಾಕುತ್ತೇವೆ ಅನ್ನುವುದು ಮೊದಲು, ರುಚಿ ಆಮೇಲೆ. ಖರ್ಚೆಷ್ಟು, ಹೊಟ್ಟೆಗೆ ಎಷ್ಟು ಹಗುರ, ಎಷ್ಟು ದಿನ ಕೆಡದೆ ಇರುತ್ತದೆ ಅನ್ನುವ ಮೂರೂ ಬುಡದ ಮೇಲೆ ನಿಂತಿವೆ. ನಮ್ಮ ಅಡುಗೆಮನೆಗೆ ಹೊಂದುವ ಬುಡಗಳು ನಾಲ್ಕು: ಗಟ್ಟಿ ಮೊಸರು, ಬೇಯಿಸಿದ ಕಾಳು, ಎಣ್ಣೆಬೀಜದ ಪುಡಿ ಅಂದರೆ ಹಿಂಡಿ, ಮತ್ತು ಸುಟ್ಟ ತರಕಾರಿ. ಇವುಗಳಲ್ಲಿ ಯಾರಿಗೆ ಯಾವುದು ಸರಿ ಅಂತ ನೋಡೋಣ. ಇಲ್ಲಿ ಹೇಳುವ ಬೆಲೆಗಳು ಬೆಂಗಳೂರಿನ ಸಾಧಾರಣ ದಿನಸಿ ಅಂಗಡಿಯ ಅಂದಾಜು, ನಿಮ್ಮೂರಲ್ಲಿ ಹೆಚ್ಚುಕಡಿಮೆ ಇರಬಹುದು.

ಮಯೊನೇಸ್ ಮನೆಯಲ್ಲೇ ಮಾಡಿದರೆ?

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಜನ ಶುರು ಮಾಡುವುದೇ ಇಲ್ಲಿಂದ. ಸಾಂಪ್ರದಾಯಿಕ ಮಯೊನೇಸ್‌ನಲ್ಲಿ ನೂರಕ್ಕೆ 70ರಿಂದ 80 ಪಾಲು ಎಣ್ಣೆ. ಒಂದು ದೊಡ್ಡ ಚಮಚ ತಿಂದರೆ 90ರಿಂದ 100 ಕ್ಯಾಲೊರಿ ಹೊಟ್ಟೆಗೆ ಸೇರುತ್ತದೆ. ಮೊಟ್ಟೆಯಿಲ್ಲದೆ ಹಾಲು ಹಾಕಿ ಮಿಕ್ಸಿಯಲ್ಲಿ ಮಾಡುವ ವಿಧಾನ ಈಗ ಎಲ್ಲರಿಗೂ ಗೊತ್ತು. ಅದರಲ್ಲೂ ಒಂದು ಪಾಲು ಹಾಲಿಗೆ ಸುಮಾರು ಎರಡು ಪಾಲು ಎಣ್ಣೆ ಬೇಕೇ ಬೇಕು, ಇಲ್ಲದಿದ್ದರೆ ಅದು ಗಟ್ಟಿಯಾಗುವುದಿಲ್ಲ. ಸಂರಕ್ಷಕಗಳಿಲ್ಲ ಅನ್ನುವುದು ನಿಜ, ಆದರೆ ಎಣ್ಣೆ ಎಣ್ಣೆಯೇ. ಕೆಲವು ಅಂಗಡಿ ಮಯೊನೇಸ್‌ಗಳಲ್ಲಿ ನೀರು, ಪಿಷ್ಟ ಹೆಚ್ಚಿರುವುದರಿಂದ ಕೊಬ್ಬು ಇದಕ್ಕಿಂತ ಕಡಿಮೆಯೇ ಇರುತ್ತದೆ. ಮನೆಯದು ಅಂದ ಮಾತ್ರಕ್ಕೆ ಹಗುರ ಅಂದುಕೊಳ್ಳಬೇಡಿ.

ಹಸಿ ಮೊಟ್ಟೆಯದಂತೂ ನಮ್ಮ ಸೆಕೆಗೆ ಬೇಡವೇ ಬೇಡ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಹೊರಗಿಟ್ಟಷ್ಟೂ ಅದು ಬೆಳೆಯುತ್ತದೆ. 2024ರ ಅಕ್ಟೋಬರ್ ಕೊನೆಯಲ್ಲಿ ತೆಲಂಗಾಣ, 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಹಸಿ ಮೊಟ್ಟೆಯ ಮಯೊನೇಸ್ ಮೇಲೆ ಒಂದೊಂದು ವರ್ಷದ ನಿಷೇಧ ಹಾಕಿದ್ದು ಇದೇ ಕಾರಣಕ್ಕೆ. ಸ್ಯಾಂಡ್‌ವಿಚ್‌ಗೆ ಆ ನಯವಾದ ಬಿಳಿ ಹಚ್ಚುವಿಕೆ ಇರಲೇಬೇಕು ಅಂದರೆ 100 ಗ್ರಾಂ ಪನೀರ್, ಕಾಲು ಲೋಟ ಹಾಲು, ಅರ್ಧ ನಿಂಬೆಹಣ್ಣು, ಒಂದು ಎಸಳು ಬೆಳ್ಳುಳ್ಳಿ, ಚಿಟಿಕೆ ಸಾಸಿವೆ ಪುಡಿ ಸೇರಿಸಿ ನುಣ್ಣಗೆ ರುಬ್ಬಿ. ಕೊಬ್ಬು ಇದರಲ್ಲೂ ಇದೆ, ಆದರೆ ಜೊತೆಗೆ ಪ್ರೋಟೀನ್ ಇದೆ.

ಗಟ್ಟಿ ಮೊಸರು

ನಾಲ್ಕರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಅಂದರೆ ನಾನು ಉಳಿಸಿಕೊಳ್ಳುವುದು ಇದನ್ನು. ಒಂದು ಲೀಟರ್ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆಯಿಟ್ಟು ಫ್ರಿಜ್ಜಿನಲ್ಲಿ ಮೂರು ನಾಲ್ಕು ಗಂಟೆ ಬಿಟ್ಟರೆ ಹೆಚ್ಚುಕಡಿಮೆ ಅರ್ಧ ಕಿಲೋ ಗಟ್ಟಿ ಮೊಸರು ಸಿಗುತ್ತದೆ. ಖರ್ಚು 50ರಿಂದ 55 ರೂಪಾಯಿ, ಮನೆಯಲ್ಲೇ ಹೆಪ್ಪು ಹಾಕಿದರೆ ಇನ್ನೂ ಕಡಿಮೆ. ಇದೇ ತೂಕದ ಗ್ರೀಕ್ ಯೋಗರ್ಟ್ ಡಬ್ಬಿಗೆ ಇದರ ಎಷ್ಟೋ ಪಟ್ಟು ಕೊಡಬೇಕಾಗುತ್ತದೆ. ಶೇಕಡಾ 3 ಕೊಬ್ಬಿನ ಟೋನ್ಡ್ ಹಾಲಿನ ಮೊಸರಾದರೆ ಒಂದು ದೊಡ್ಡ ಚಮಚಕ್ಕೆ 15ರಿಂದ 20 ಕ್ಯಾಲೊರಿ ಅಷ್ಟೇ. ಮಯೊನೇಸ್‌ನ ಹೆಚ್ಚುಕಡಿಮೆ ಐದನೇ ಒಂದು ಪಾಲು.

ಮೊಸರು ಆ ದಿನದ್ದೇ ಆಗಿರಲಿ. ಹುಳಿ ಬಂದ ಮೊಸರನ್ನು ಎಷ್ಟು ಹೊತ್ತು ಕಟ್ಟಿಟ್ಟರೂ ಹುಳಿ ಹೋಗುವುದಿಲ್ಲ. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿಟ್ಟರೆ ನೀರು ಬಿಡುತ್ತದೆ. ಸೌತೆಕಾಯಿ ತುರಿದು ಹಾಕುವುದಾದರೆ ನೀರು ಹಿಂಡಿ ಹಾಕಿ. ಹಸಿ ಈರುಳ್ಳಿ ಸೇರಿಸಿದ್ದನ್ನು ಆ ಹೊತ್ತಿಗೇ ಮುಗಿಸಿ, ಮರುದಿನಕ್ಕೆ ಅದರ ವಾಸನೆ ಬೇರೆಯಾಗುತ್ತದೆ. ಏನೂ ಬೆರೆಸದ ಗಟ್ಟಿ ಮೊಸರು ಮುಚ್ಚಿದ ಡಬ್ಬಿಯಲ್ಲಿ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ.

ಕೆಳಗೆ ಸೋರಿದ ನೀರನ್ನು ದಯವಿಟ್ಟು ಚೆಲ್ಲಬೇಡಿ. ಮೊಸರಿನ ಕ್ಯಾಲ್ಸಿಯಂನಲ್ಲಿ ಒಂದು ಪಾಲು ಆ ನೀರಿನ ಜೊತೆಗೇ ಇಳಿದಿರುತ್ತದೆ. ಚಪಾತಿ ಹಿಟ್ಟು ಕಲಸಲು, ಸಾರಿಗೆ, ಮಜ್ಜಿಗೆಹುಳಿಗೆ ಅದು ಸರಿಹೋಗುತ್ತದೆ.

ರುಚಿಗೆ ಪುದೀನವೇ ಆಗಬೇಕೆಂದಿಲ್ಲ. ಮಲೆನಾಡು, ಕರಾವಳಿಯ ತಂಬುಳಿಗಳೆಲ್ಲ ನೀರು ಕಡಿಮೆ ಮಾಡಿದರೆ ಡಿಪ್‌ಗಳೇ. ದೊಡ್ಡಪತ್ರೆ ಎಲೆಯನ್ನು ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಮೆಣಸಿನ ಕಾಳಿನ ಜೊತೆ ಬಾಡಿಸಿ, ಒಂದು ಹಿಡಿ ತೆಂಗಿನತುರಿ ಹಾಕಿ ರುಬ್ಬಿ, ಮಜ್ಜಿಗೆಯ ಬದಲು ಗಟ್ಟಿ ಮೊಸರಿಗೆ ಕಲಸಿ ನೋಡಿ. ಒರೆಗಾನೊಗೆ ಅದರ ಘಮ ಕೊಡುವ ಕಾರ್ವಕ್ರಾಲ್ ಎಂಬ ಅಂಶ ದೊಡ್ಡಪತ್ರೆಯಲ್ಲೂ ಇದೆ, ಆದ್ದರಿಂದ ಪಿಜ್ಜಾ ಇಷ್ಟಪಡುವ ಮಕ್ಕಳಿಗೆ ಈ ರುಚಿ ಹೊಸದೆನಿಸುವುದಿಲ್ಲ. ಕುಂಡದಲ್ಲಿ ಒಂದು ಕಡ್ಡಿ ನೆಟ್ಟರೆ ವರ್ಷಪೂರ್ತಿ ಎಲೆ ಸಿಗುತ್ತದೆ. ಒಂದೆಲಗ, ಶುಂಠಿ, ನೆಲ್ಲಿಕಾಯಿ ಕೂಡ ಹೀಗೇ ಆಗುತ್ತವೆ.

ಹಾಲಿನ ಪದಾರ್ಥ ಒಗ್ಗದವರಿಗೆ ಈ ದಾರಿ ಮುಚ್ಚಿದೆ. ಅವರು ಮುಂದಿನದಕ್ಕೆ ಬರಬೇಕು.

ಬೇಯಿಸಿದ ಕಾಳು

ಹಮ್ಮಸ್ ಲೆಬನಾನ್, ಸಿರಿಯಾ, ಪ್ಯಾಲೆಸ್ತೀನ್ ಕಡೆಯ ಊಟ. ಕಾಬೂಲಿ ಕಡಲೆ, ಎಳ್ಳಿನ ತಹಿನಿ, ನಿಂಬೆ, ಬೆಳ್ಳುಳ್ಳಿ, ಉಪ್ಪು ಇಷ್ಟೇ ಅದರ ಪ್ರಾಣ. ಆಲಿವ್ ಎಣ್ಣೆ ಮೇಲಿನದು. ಖರ್ಚಿನ ಲೆಕ್ಕ ನೋಡಿ. 200 ಗ್ರಾಂ ಕಾಬೂಲಿ ಕಡಲೆಗೆ 30 ರೂಪಾಯಿ, 50 ಗ್ರಾಂ ಬಿಳಿ ಎಳ್ಳಿಗೆ 12, ಎರಡು ನಿಂಬೆಹಣ್ಣಿಗೆ 10, ಬೆಳ್ಳುಳ್ಳಿ, ಎಣ್ಣೆ, ಗ್ಯಾಸ್ ಎಲ್ಲಕ್ಕೂ ಇನ್ನೊಂದು 15. ಒಟ್ಟು 70 ರೂಪಾಯಿಯೊಳಗೆ ಸುಮಾರು 600 ಗ್ರಾಂ ಆಗುತ್ತದೆ. ಸೂಪರ್‌ಮಾರ್ಕೆಟ್‌ನಲ್ಲಿ 200 ಗ್ರಾಂ ಡಬ್ಬಿಗೇ ಇದರ ಎರಡರಷ್ಟು ಕೇಳುತ್ತಾರೆ.

ಮನೆಯ ಹಮ್ಮಸ್ ತರಿತರಿಯಾಗುತ್ತದೆ ಅನ್ನುವುದು ಸಾಮಾನ್ಯ ದೂರು. ಕಾರಣ ಬೇಯಿಸುವುದರಲ್ಲಿದೆ. ರಾತ್ರಿ ನೆನೆಸಿದ ಕಡಲೆಗೆ ಬೇಯಿಸುವಾಗ ಕಾಲು ಚಮಚ ಅಡುಗೆ ಸೋಡ ಹಾಕಿದರೆ ಸಿಪ್ಪೆ ಮೆತ್ತಗಾಗುತ್ತದೆ. ಎರಡು ಬೆರಳಿನ ನಡುವೆ ಹಿಡಿದರೆ ಪ್ರಯಾಸವಿಲ್ಲದೆ ಹಿಟ್ಟಾಗುವಷ್ಟು ಬೇಯಬೇಕು. ಚನಾ ಮಸಾಲೆಗೆ ಬೇಯಿಸುವುದಕ್ಕಿಂತ ಎರಡು ಮೂರು ಕೂಗು ಹೆಚ್ಚು ಕೂಗಿಸಿ. ಬೆಳ್ಳುಳ್ಳಿಯನ್ನು ಜಜ್ಜಿ ನಿಂಬೆರಸದಲ್ಲಿ ಹತ್ತು ನಿಮಿಷ ಬಿಟ್ಟರೆ ಅದರ ಘಾಟು ಇಳಿಯುತ್ತದೆ. ಮಿಕ್ಸಿಯಲ್ಲಿ ಮೊದಲು ಎಳ್ಳಿನ ಮುದ್ದೆ ಮತ್ತು ನಿಂಬೆರಸ, ಆಮೇಲೆ ಕಡಲೆ, ಕೊನೆಗೆ ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ರುಬ್ಬಿದರೆ ಬಣ್ಣ ಬೆಳ್ಳಗೆ, ಹದ ಹಗುರ. ಬಿಸಿ ಕಾಳನ್ನು ಮುಚ್ಚಿದ ಜಾರಿನಲ್ಲಿ ತಿರುಗಿಸಿದರೆ ಮುಚ್ಚಳ ಹಾರುತ್ತದೆ, ಬೆಚ್ಚಗಾಗುವವರೆಗೆ ಕಾಯಿರಿ.

ಕಾಬೂಲಿಯೇ ಬೇಕೇ? ಕರಿ ಕಡಲೆಯಲ್ಲಿ ನಾರು ಹೆಚ್ಚು, ಆದರೆ ಎಷ್ಟು ರುಬ್ಬಿದರೂ ಸಿಪ್ಪೆ ನಾಲಿಗೆಗೆ ಸಿಗುತ್ತದೆ, ಬಣ್ಣವೂ ಮಣ್ಣಿನದು. ನಯ ಬೇಕೆನ್ನುವವರಿಗೆ ಹೇಳಿಮಾಡಿಸಿದ್ದಲ್ಲ. ಹೆಸರುಬೇಳೆ ನೆನೆಸುವ ಗೋಜಿಲ್ಲದೆ ಬೇಯುತ್ತದೆ, ಜೀರ್ಣಕ್ಕೂ ಸುಲಭ. ಶುಂಠಿ, ಹಸಿಮೆಣಸಿನಕಾಯಿ, ಇಂಗಿನ ಒಗ್ಗರಣೆ ಕೊಟ್ಟರೆ ವಯಸ್ಸಾದವರೂ ಖುಷಿಯಿಂದ ತಿನ್ನುತ್ತಾರೆ. ಹುರಿಗಡಲೆಗೆ ಬೇಯಿಸುವ ಕೆಲಸವೇ ಇಲ್ಲ. ಐದು ನಿಮಿಷದಲ್ಲಿ ಆಗುವ ಕಾಳಿನ ಡಿಪ್ ಅಂದರೆ ಇದೊಂದೇ. ಆದರೆ ಅದು ಇಟ್ಟಷ್ಟು ಹೊತ್ತೂ ನೀರು ಹೀರಿ ಗಟ್ಟಿಯಾಗುತ್ತ ಹೋಗುವುದರಿಂದ ತಿನ್ನುವ ಮುಂಚೆ ಸಡಿಲ ಮಾಡಿಕೊಳ್ಳಬೇಕು.

ನನ್ನ ಮೆಚ್ಚಿನದು ಹಿತಕಿದ ಅವರೆ. ಡಿಸೆಂಬರ್, ಜನವರಿಯಲ್ಲಿ ಮಾಗಡಿ ಕಡೆಯ ಸೊಗಡಿನ ಅವರೆ ಬೆಂಗಳೂರಿಗೆ ಬಂದು ಬೀಳುವಾಗ ಸಿಪ್ಪೆ ತೆಗೆದ ಕಾಳನ್ನು ಬೇಯಿಸಿ, ಕೊತ್ತಂಬರಿ, ಹಸಿಮೆಣಸಿನಕಾಯಿ, ನಿಂಬೆಯ ಜೊತೆ ರುಬ್ಬಿದರೆ ಯಾವ ಹಮ್ಮಸ್‌ಗೂ ಬಾರದ ನಯ ಬರುತ್ತದೆ. ಸಿಪ್ಪೆ ಹಿತುಕುವ ಕೆಲಸ ಮೊದಲೇ ಆಗಿರುತ್ತದಲ್ಲ! ಅಗ್ಗ ಅಂತ ಹೇಳಲಾರೆ, ಆ ಎರಡು ತಿಂಗಳಿಗೆ ಅಷ್ಟೇ.

ರಾಜ್ಮಾದಿಂದಲೂ ಮೆಕ್ಸಿಕೋ ಶೈಲಿಯ ಡಿಪ್ ಆಗುತ್ತದೆ, ಆದರೆ ಅದನ್ನು ಕುಕ್ಕರಿನಲ್ಲಿ ಪೂರ್ತಿ ಬೇಯಿಸಲೇಬೇಕು. ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ವಾಂತಿ ಭೇದಿ ತರಿಸುತ್ತದೆ. ಕಡಿಮೆ ಉರಿಯಲ್ಲಿ ಬೆಚ್ಚಗಾಗಿಸಿ ಬೇಯಿಸುವ ಸ್ಲೋ ಕುಕ್ಕರ್ ಇದಕ್ಕೆ ಸಲ್ಲದು.

ತಹಿನಿ ಮತ್ತು ಆಲಿವ್ ಎಣ್ಣೆಯ ಬದಲು

ಹಮ್ಮಸ್ ದುಬಾರಿ ಅನ್ನಿಸುವುದು ಈ ಎರಡರಿಂದ. ತಹಿನಿ ಎಂದರೆ ರುಬ್ಬಿದ ಎಳ್ಳು. ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಬಣ್ಣ ಬದಲಾಗದಂತೆ ಬೆಚ್ಚಗೆ ಮಾಡಿ, ಒಂದೆರಡು ಚಮಚ ಎಣ್ಣೆ ಸೇರಿಸಿ ಸಣ್ಣ ಜಾರಿನಲ್ಲಿ ರುಬ್ಬಿ. ಕೆಂಪಗೆ ಹುರಿದರೆ ಕಹಿ ಮೇಲೇಳುತ್ತದೆ. ನಮ್ಮಲ್ಲಿ ಸಿಗುವ ಎಳ್ಳಲ್ಲಿ ಸಿಪ್ಪೆ ಉಳಿದಿದ್ದರೆ ತುಸು ಒಗರು ಇರುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವುದೂ ಆ ಸಿಪ್ಪೆಯಲ್ಲೇ, ಆದರೆ ಬಹುಪಾಲು ಆಕ್ಸಲೇಟ್ ಜೊತೆ ಕೂಡಿಕೊಂಡಿರುವುದರಿಂದ ಅದೆಲ್ಲ ಮೈಗೆ ಹತ್ತುವುದಿಲ್ಲ.

ಎಳ್ಳು ಇಲ್ಲದಿದ್ದರೆ ಹುರಿದು ಸಿಪ್ಪೆ ತೆಗೆದ ಶೇಂಗಾ ಹಾಕಬಹುದು. ರುಚಿ ಸಿಹಿಯ ಕಡೆಗೆ ತಿರುಗುತ್ತದೆ, ಆದ್ದರಿಂದ ನಿಂಬೆ ಇನ್ನೂ ಅರ್ಧ ಹೋಳು ಹೆಚ್ಚು ಹಿಂಡಿ. ಮನೆಗೆ ಬಂದ ಮಕ್ಕಳಿಗೆ ಬಡಿಸುವ ಮುನ್ನ ಶೇಂಗಾ ಅಥವಾ ಎಳ್ಳಿನ ಅಲರ್ಜಿ ಇದೆಯೇ ಅಂತ ಅವರ ಅಪ್ಪ ಅಮ್ಮನನ್ನು ಕೇಳಲೇಬೇಕು.

ಆಲಿವ್ ಎಣ್ಣೆ ಮೇಲೆ ಸುರಿಯುವುದು ಘಮಕ್ಕೆ. ಆ ಕೆಲಸಕ್ಕೆ ಗಾಣದ ಶೇಂಗಾ ಎಣ್ಣೆ ಒಂದು ಚಮಚ ಸಾಕು. ಅದರ ಕೊಬ್ಬಿನಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಆಲಿವ್ ಎಣ್ಣೆಯಲ್ಲಿರುವ ಓಲಿಯಿಕ್ ಆಮ್ಲವೇ. ಪಾಪ್ರಿಕಾ ಪುಡಿ ಹುಡುಕಿಕೊಂಡು ಹೋಗಬೇಡಿ, ಬ್ಯಾಡಗಿ ಮೆಣಸಿನಕಾಯಿ ಪುಡಿ ಇರುವಾಗ. ಬಣ್ಣ ಗಾಢ, ಖಾರ ಕಡಿಮೆ, ಬೇಕಾದದ್ದು ಅದೇ.

ಹಿಂಡಿಗಳು

ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಪ್ರಶ್ನೆ ಎಂದೋ ಬಗೆಹರಿದಿದೆ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಪುಟಾಣಿ (ಹುರಿಗಡಲೆ) ಹಿಂಡಿ ಡಬ್ಬಿಗಳಲ್ಲಿ ಸಿದ್ಧವಾಗಿರುತ್ತವೆ. ತಟ್ಟೆಯಲ್ಲಿ ಎರಡು ಚಮಚ ಹಾಕಿಕೊಂಡು, ಗುಳಿ ಮಾಡಿ, ಮೊಸರೋ ಎಣ್ಣೆಯೋ ಬಿಟ್ಟು ಕಲಸಿದರೆ ರೊಟ್ಟಿಗೆ ಹಚ್ಚಿಕೊಳ್ಳಲು ತಯಾರು. ತಿನ್ನುವ ಹೊತ್ತಿಗೆ ಅರ್ಧ ನಿಮಿಷದ ಕೆಲಸ. ಫ್ರಿಜ್ ಬೇಡ. ಒಣ ಚಮಚ ಹಾಕಿ, ಮುಚ್ಚಳ ಬಿಗಿಯಾಗಿಟ್ಟರೆ ಶೇಂಗಾದ್ದು, ಗುರೆಳ್ಳಿನದು ಎರಡು ಮೂರು ವಾರ ತಾಳುತ್ತದೆ. ಹಾಸ್ಟೆಲ್, ಪಿಜಿಗಳಲ್ಲಿ ಒಲೆಯಿಲ್ಲದೆ ಇರುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ಒಂದು ಸಣ್ಣ ಮೊಸರಿನ ಕಪ್ಪು ತಂದು, ಮೇಲಿನ ನೀರು ಬಸಿದು, ಹಿಂಡಿ ಕಲಸಿ, ಸೌತೆಕಾಯಿ, ಕ್ಯಾರೆಟ್ ಜೊತೆ ನೆಂಚಿಕೊಂಡರೆ ಸಂಜೆಯ ಚಿಪ್ಸ್ ನೆನಪಾಗುವುದಿಲ್ಲ.

ಹಿಂಡಿಗಳ ನಡುವೆ ಆಯ್ಕೆ ಹೇಗೆ? ಶೇಂಗಾದಲ್ಲಿ ನೂರು ಗ್ರಾಮಿಗೆ ಸುಮಾರು 25 ಗ್ರಾಂ ಪ್ರೋಟೀನ್, ಎಲ್ಲರಿಗೂ ಹಿಡಿಸುವ ರುಚಿ. ಗುರೆಳ್ಳು, ನಮ್ಮ ದಕ್ಷಿಣದ ಹುಚ್ಚೆಳ್ಳು, ಘಮದಲ್ಲಿ ಎಲ್ಲಕ್ಕೂ ಮೇಲು. ಆದರೆ ಕಪ್ಪು ಬಣ್ಣ ಕಂಡು ಮಕ್ಕಳು ಹಿಂದೆಗೆಯಬಹುದು. ಅಗಸೆಯಲ್ಲಿ ಒಮೆಗಾ-3 ಕೊಬ್ಬು ಹೇರಳ. ಇಡಿ ಬೀಜ ತಿಂದರೆ ಬಹಳಷ್ಟು ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಿದರೆ ಬೇಗ ಕಮಟು ಹಿಡಿಯುತ್ತದೆ. ಹೀಗಾಗಿ ಅಗಸಿ ಹಿಂಡಿಯನ್ನು ಮಾತ್ರ ವಾರಕ್ಕಾಗುವಷ್ಟೇ ಮಾಡಿ ತಂಪಿನಲ್ಲಿಡಿ.

ಎರಡು ಎಚ್ಚರಿಕೆ. ಎಣ್ಣೆಬೀಜದ ತೂಕದಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಕೊಬ್ಬೇ ಇರುತ್ತದೆ, ಒಳ್ಳೆಯ ಕೊಬ್ಬಾದರೂ ಚಮಚದ ಲೆಕ್ಕ ಬೇಕು. ಹಾಗೇ ಬಣ್ಣಗೆಟ್ಟ, ಸುಕ್ಕಿದ, ಕಹಿ ಶೇಂಗಾ ಕಾಳನ್ನು ಆರಿಸಿ ಬಿಸಾಡಿ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಮನೆಯಲ್ಲಿ ಹುರಿದ ಮಾತ್ರಕ್ಕೆ ಹೋಗುವುದಿಲ್ಲ. ಹೋಲ್‌ಸೇಲಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಒದ್ದೆ ವಾಸನೆಯ ಶೇಂಗಾ ತರುವುದು ಉಳಿತಾಯವಾಗದು.

ಸುಟ್ಟ ತರಕಾರಿ

ಕ್ಯಾಲೊರಿ ಕಡಿಮೆ ಬೇಕು, ಹೊಟ್ಟೆ ತುಂಬ ತಿನ್ನಬೇಕು ಅನ್ನುವವರಿಗೆ ಇದು. ದಪ್ಪ ಬದನೆಕಾಯಿಗೆ ಎಣ್ಣೆ ಸವರಿ, ನಾಲ್ಕು ಕಡೆ ಚಾಕುವಿನಿಂದ ಚುಚ್ಚಿ, ಗ್ಯಾಸ್ ಉರಿಯ ಮೇಲೆ ಸಿಪ್ಪೆ ಕರಿಯಾಗುವವರೆಗೆ ಸುಟ್ಟರೆ ಒಳಗಿನ ತಿರುಳು ತಾನೇ ಮುದ್ದೆಯಾಗುತ್ತದೆ. ಅದಕ್ಕೆ ಎಳ್ಳು, ನಿಂಬೆ, ಬೆಳ್ಳುಳ್ಳಿ ಸೇರಿಸಿದರೆ ಅರಬ್ಬರ ಮುತಬ್ಬಲ್. ಹುಣಸೆರಸ, ಬೆಲ್ಲ, ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ನಮ್ಮ ಸುಟ್ಟ ಬದನೆಕಾಯಿ ಗೊಜ್ಜು. ಉಡುಪಿಯ ಮಟ್ಟುಗುಳ್ಳ ಬದನೆ ಸಿಕ್ಕರೆ ಬಿಡಬೇಡಿ. ಇಂಡಕ್ಷನ್ ಒಲೆಯವರಿಗೆ ಉರಿಯಿಲ್ಲ; ಬದನೆಯನ್ನು ಉದ್ದಕ್ಕೆ ಎರಡು ಹೋಳು ಮಾಡಿ ಕಬ್ಬಿಣದ ಕಾವಲಿಯ ಮೇಲೆ ಬೋರಲು ಹಾಕಿ ಮುಚ್ಚಿ ಬೇಯಿಸಿದರೆ ಹೊಗೆಯ ಘಮ ಕಡಿಮೆಯಾದರೂ ಹದ ಬರುತ್ತದೆ. ಇವು ಎರಡು ದಿನಕ್ಕಿಂತ ಹೆಚ್ಚು ಇಡುವಂಥವಲ್ಲ.

ಹೀರೆಕಾಯಿ ಸಿಪ್ಪೆಯ ಚಟ್ನಿಯನ್ನು ಇದೇ ಸಾಲಿಗೆ ಸೇರಿಸುತ್ತೇನೆ. ಪಲ್ಯಕ್ಕೆಂದು ತಂದ ಕಾಯಿಯ ಸಿಪ್ಪೆಗೆ ಬೇರೆ ಖರ್ಚೇ ಇಲ್ಲ.

ಬೆಣ್ಣೆಹಣ್ಣು ಕಿವುಚಿ ಮಾಡುವ ಡಿಪ್ ಗ್ವಾಕಮೋಲೆ ಬಗ್ಗೆ ಚಿಕ್ಕದಾಗಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಹಣ್ಣು ಮಳೆಗಾಲದಲ್ಲಿ ಕೈಗೆಟುಕುವ ಬೆಲೆಗೆ ಬರುತ್ತದೆ, ಆಗ ಮಾಡಿ. ಆಮದಾದ ಹಾಸ್ ತಳಿಗಿಂತ ಅದು ದೊಡ್ಡದು, ನೀರಂಶ ಹೆಚ್ಚು, ಕೊಬ್ಬು ಕಡಿಮೆ, ಹಾಗಾಗಿ ಟೊಮೆಟೊ ಬೀಜ ತೆಗೆದು ಹಾಕಿ. ಉಳಿದ ತಿಂಗಳಲ್ಲಿ ಬೇಯಿಸಿದ ಹಸಿ ಬಟಾಣಿ ಸಾಕು.

ಯಾರಿಗೆ ಯಾವುದು

ರಕ್ತದ ಸಕ್ಕರೆ ನೋಡಿಕೊಳ್ಳಬೇಕಾದವರಿಗೆ ಕಾಳಿನ ಡಿಪ್ ಚೆನ್ನ, ನಾರು ಮತ್ತು ಪ್ರೋಟೀನ್ ಎರಡೂ ಸಿಗುತ್ತವೆ. ಆದರೆ ನೆಂಚಿಕೊಳ್ಳುವುದು ಬ್ರೆಡ್ಡಾದರೆ ಲಾಭ ಅರ್ಧ ಹೋಯಿತು. ಮೂಲಂಗಿ, ಸೌತೆ, ಕ್ಯಾರೆಟ್, ತೆಳುವಾದ ಖಡಕ್ ಜೋಳದ ರೊಟ್ಟಿ, ಎಣ್ಣೆಗೆ ಹಾಕದೆ ಕೆಂಡದಲ್ಲೋ ಉರಿಯಲ್ಲೋ ಸುಟ್ಟ ಹಪ್ಪಳ ಇವು ಒಳ್ಳೆಯ ಜೊತೆ. ಹಪ್ಪಳದಲ್ಲಿ ಉಪ್ಪಿರುತ್ತದೆ, ಬಿಪಿ ಇರುವವರು ಅದನ್ನೂ ಎಣಿಸಬೇಕು. ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು ಅನ್ನುವುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ. ಬಾಟಲಿಯ ಮೇಲೆ ಸೋಡಿಯಂ ಅಂತ ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿ, 1000 ಮಿಲಿಗ್ರಾಂ ಸೋಡಿಯಂ ಅಂದರೆ 2.5 ಗ್ರಾಂ ಉಪ್ಪು. ಮನೆಯಲ್ಲಿ ಮಾಡುವಾಗ ಹುಳಿಯನ್ನು ಸ್ವಲ್ಪ ಮುಂದೆ ಮಾಡಿದರೆ ಉಪ್ಪು ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ನಿಂಬೆ, ಮಾವಿನಕಾಯಿ, ಹುಣಸೆ, ಕರಾವಳಿಯವರಿಗೆ ಪುನರ್ಪುಳಿ, ಯಾವುದಾದರೂ ಸರಿ.

ಈ ಬುಡಗಳು ಬೇರೆ ಅಡುಗೆಗೂ ಆಗುತ್ತವೆ. ಗ್ರೇವಿಗೆ ಕ್ರೀಮ್ ಹಾಕುವವರು, ಗೋಡಂಬಿ ರುಬ್ಬುವವರು ಎರಡು ಚಮಚ ಹುರಿಗಡಲೆ ಪುಡಿಯನ್ನು ಹಾಲಿನಲ್ಲಿ ಕಲಸಿ ಹಾಕಿ ನೋಡಿ. ಗೋಡಂಬಿಯ ಬೆಲೆಯ ಎದುರು ಅದು ಏನೂ ಅಲ್ಲ. ಕ್ರೀಮ್ ಚೀಸ್‌ಗೆ ಬದಲು ಗಟ್ಟಿ ಮೊಸರನ್ನು ಇಡೀ ರಾತ್ರಿ ಭಾರ ಹೇರಿ ಸೋರಿಸಿದರೆ ಸಾಕು. ಕೇಕಿಗೆ ಮೊಟ್ಟೆ ಬೇಡವಾದರೆ ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಅಗಸೆ ಪುಡಿ, ಮೂರು ದೊಡ್ಡ ಚಮಚ ನೀರು, ಹತ್ತು ನಿಮಿಷ ನೆನೆದು ಲೋಳೆಯಾಗಬೇಕು.

ಹೊರದೇಶದಲ್ಲಿರುವ ನಮ್ಮವರಿಗೆ ಈ ಲೆಕ್ಕ ಕೆಲವು ಕಡೆ ತಿರುಗುಮುರುಗು. ಅಲ್ಲಿ ಸಾದಾ ಗ್ರೀಕ್ ಯೋಗರ್ಟ್ ದೊಡ್ಡ ಡಬ್ಬಿಯಲ್ಲಿ ಸಲೀಸಾಗಿ ಸಿಗುತ್ತದೆ, ಬಟ್ಟೆ ಕಟ್ಟುವ ಶ್ರಮ ಬೇಡ. ಅರಬ್ ಅಂಗಡಿಗಳ ತಹಿನಿ ಮನೆಯಲ್ಲಿ ರುಬ್ಬಿದ್ದಕ್ಕಿಂತ ನಯ. ಡಬ್ಬಿಯ ಕಡಲೆಯ ನೀರು ಬಸಿದು ತೊಳೆದರೆ ಉಪ್ಪು ಒಂದಷ್ಟು ಇಳಿಯುತ್ತದೆ. ಆದರೆ ಅಮೆರಿಕದಲ್ಲಿ ಹಕ್ಕಿಗಳ ಆಹಾರವಾಗಿ ಮಾರುವ ಹುಚ್ಚೆಳ್ಳನ್ನು ಹಿಂಡಿಗೆ ಕೊಳ್ಳಬೇಡಿ, ಅದನ್ನು ಮನುಷ್ಯರ ಊಟಕ್ಕೆಂದು ಸಂಸ್ಕರಿಸಿರುವುದಿಲ್ಲ. ಊರಿಂದ ಬರುವವರ ಕೈಲಿ ಪುಡಿ ಮಾಡಿದ ಹಿಂಡಿಯನ್ನೇ ತರಿಸಿಕೊಳ್ಳಿ.

ಇಡುವ ವಿಷಯಕ್ಕೆ ಒಂದು ಮಾತು ಉಳಿಯಿತು. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ರೂಢಿ ಕೆಲವರಿಗಿದೆ, ಡಿಪ್‌ಗೆ ಬೇಕಾದಾಗ ಒಂದು ಚಮಚ ಹಾಕಲು. ಗಾಳಿಯಾಡದ ಆ ಎಣ್ಣೆಯಡಿಯಲ್ಲಿ ಬಾಟುಲಿಸಂ ಎಂಬ ಜೀವಕ್ಕೇ ಕುತ್ತು ತರಬಲ್ಲ ಕಾಯಿಲೆಯ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ವಾಸನೆಯಲ್ಲಾಗಲಿ ಬಣ್ಣದಲ್ಲಾಗಲಿ ಅದು ತಿಳಿಯುವುದೂ ಇಲ್ಲ. ಬೆಳ್ಳುಳ್ಳಿಯನ್ನು ಆಯಾ ದಿನಕ್ಕೆ ಜಜ್ಜಿ. ಹಮ್ಮಸ್ ಹೆಚ್ಚು ಮಾಡಿದ್ದರೆ ಒಂದು ಹೊತ್ತಿಗೆ ಸಾಕಾಗುವಷ್ಟನ್ನು ಸಣ್ಣ ಡಬ್ಬಿಗಳಿಗೆ ಹಾಕಿ ಫ್ರೀಜರಿನಲ್ಲಿಡಿ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ, ಬೆಳಿಗ್ಗೆ ಒಂದು ಚಮಚ ನೀರು, ನಾಲ್ಕು ಹನಿ ನಿಂಬೆ ಬಿಟ್ಟು ಕಲಸಿದರೆ ಮಕ್ಕಳ ಡಬ್ಬಿಗೆ ಹೋಗುತ್ತದೆ.